ಕ್ಯಾರಿಯರ್ ಮೇಲಿನ ಚರಿತ್ರೆ

ಸೈಕಲ್ಲಿನ ಬಗ್ಗೆ ನಾವು ಓದುವ ಬರಹಗಳು ಬಹುಪಾಲು ಸವಾರರು ಬರೆದವು. ಒಳಪೆಡ್ಲು ಹೊಡೆಯುತ್ತ ಮೊಣಕಾಲು ಕೆತ್ತಿಸಿಕೊಂಡದ್ದು, ತಾಸಿನ ಬಾಡಿಗೆಗೆ ತಂದು ತಡವಾಗಿ ಒಯ್ದು ಬೈಸಿಕೊಂಡದ್ದು, ಮಾವನ ಮನೆಯಿಂದ ಕೈಗಡಿಯಾರದ ಜೊತೆ ಬಂದ ಹೊಸ ಸೈಕಲ್ಲು. ಅವೆಲ್ಲ ನನಗೂ ಇಷ್ಟ. ಆದರೆ ನಾನು ಬೆಳೆದ ಕಡೇಚೂರಿನಲ್ಲಿ ಸೈಕಲ್ಲಿನ ಮೇಲೆ ಮನುಷ್ಯರು ಕೂತದ್ದಕ್ಕಿಂತ ಸಾಮಾನು ಕೂತದ್ದೇ ಹೆಚ್ಚು. ಮನುಷ್ಯ ಪಕ್ಕದಲ್ಲಿ ನಡೆಯುತ್ತಿದ್ದ, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಹಿಂದಿನ ಹೊರೆಯ ಮೇಲೆ. ಹೊರೆ ಇಳಿದ ಮೇಲೆಯೇ ಅವನು ಸವಾರನಾಗುತ್ತಿದ್ದದ್ದು.

ಕಡೇಚೂರು ಯಾದಗಿರಿ ತಾಲ್ಲೂಕಿನ ಪೂರ್ವಕ್ಕೆ, ಸೈದಾಪುರದ ಹತ್ತಿರ, ತೆಲಂಗಾಣದ ಗಡಿಯ ಕಡೆಗಿರುವ ಊರು. ನಾರಾಯಣಪುರ ಅಣೆಕಟ್ಟಿನ ಕಾಲುವೆಯಿಂದ ಶಹಾಪುರ, ಸುರಪುರದ ಕಡೆ ಭತ್ತ ಬಂತು. ನಮ್ಮ ಕಡೆ ಮಳೆಯನ್ನೇ ನಂಬಿದ ತೊಗರಿ, ಜೋಳ, ಹತ್ತಿ. ಇಂಥ ಊರಿನಲ್ಲಿ ಎತ್ತಿನ ಬಂಡಿ ಇದ್ದವರು ಕೆಲವರೇ. ಟ್ರ್ಯಾಕ್ಟರ್ ಇನ್ನೂ ಕಡಿಮೆ. ಎತ್ತು ಕಟ್ಟಲಾಗದವನು ತನ್ನ ಮೈಬಲದ ಮೇಲೆ ಒಂದು ಕ್ವಿಂಟಲಿನಷ್ಟು ಸಾಮಾನು ಸಾಗಿಸಬೇಕೆಂದರೆ ಇದ್ದದ್ದು ಸೈಕಲ್ ಒಂದೇ. ಯುರೋಪಿನಲ್ಲಿ ಈಗ 'ಕಾರ್ಗೊ ಬೈಕ್' ಎಂದು ಕರೆದು ಕೊಂಡಾಡುವ ವಾಹನಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇರಲಿಲ್ಲ. ಸೈಕಲ್ ಅಂದರೆ ಸೈಕಲ್.

ಅದು ಬಂದ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂದಿನ ರೂಪದ ಸೈಕಲ್ಲು, ಅಂದರೆ ಎರಡು ಸಮ ಚಕ್ರ ಮತ್ತು ಚೈನಿನದು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1885ರಲ್ಲಿ ರೂಪುಗೊಂಡಿತು. ಗಾಳಿ ತುಂಬುವ ಟೈರು ಡನ್ಲಪ್ ಅವರಿಂದ 1888ರಲ್ಲಿ. ಆ ಹೊತ್ತಿಗೆ ನಮ್ಮ ಭಾಗಕ್ಕೆ ರೈಲು ಬಂದಾಗಿತ್ತು. ಬೊಂಬಾಯಿ ಕಡೆಯಿಂದ ಒಂದು ಹಳಿ, ಮದರಾಸಿನ ಕಡೆಯಿಂದ ಇನ್ನೊಂದು ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ, ಸೈದಾಪುರ ಆ ದಾರಿಯ ಮೇಲಿನವು. ಹಡಗಿನಲ್ಲಿ ಬೊಂಬಾಯಿಗೆ ಬಂದ ಇಂಗ್ಲಿಷ್ ಸೈಕಲ್ಲಿಗೆ ನಿಜಾಮನ ಸೀಮೆಗೆ ಬರಲು ದಾರಿ ಸಿದ್ಧವಿತ್ತು. ಆದರೆ ಅದನ್ನು ಕೊಳ್ಳುವ ದುಡ್ಡು ಅಮಲ್ದಾರರಿಗೆ, ವಕೀಲರಿಗೆ, ಸಾಹುಕಾರರಿಗೆ ಮಾತ್ರ. ಹೊರೆಗೆ ಸೈಕಲ್ಲು ಸಿಗಬೇಕಾದರೆ ಅದು ಅಗ್ಗವಾಗಬೇಕಿತ್ತು, ಹಳೆಯದಾಗಬೇಕಿತ್ತು. ಬೊಂಬಾಯಿಯಲ್ಲಿ ಹಿಂದ್ ಸೈಕಲ್ಸ್ 1939ರಲ್ಲಿ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಮದರಾಸಿನ ಟಿ.ಐ. ಸೈಕಲ್ಸ್, ಸೋನಿಪತ್ತಿನ ಅಟ್ಲಾಸ್, ಆಸನ್ಸೋಲಿನ ಸೆನ್-ರ‍್ಯಾಲಿ ಒಂದರ ಹಿಂದೊಂದು ಬಂದವು. ಲುಧಿಯಾನದ ಹೀರೊ ಸೈಕಲ್ಸ್ ಹುಟ್ಟಿದ್ದು 1956ರಲ್ಲಿ. ಗುಲ್ಬರ್ಗ ಜಿಲ್ಲೆ, ಅದರೊಡನೆ ನಮ್ಮ ಯಾದಗಿರಿ, ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲ. ಆದರೂ ನಮ್ಮೂರ ಮುದುಕರು 'ಮೈಸೂರಿಗೆ ಸೇರಿದ ಮ್ಯಾಲ ಸೈಕಲ್ ಬಂದ್ವು' ಎಂದು ಹೇಳುತ್ತಿದ್ದುದಕ್ಕೆ ಇದೊಂದು ವಿವರಣೆ ಇರಬಹುದು.

ಇತಿಹಾಸಕಾರ ಡೇವಿಡ್ ಅರ್ನಾಲ್ಡ್ 2013ರಲ್ಲಿ ತಂದ 'ಎವ್ರಿಡೇ ಟೆಕ್ನಾಲಜಿ' ಪುಸ್ತಕ ಸೈಕಲ್ಲನ್ನು ಹೊಲಿಗೆ ಯಂತ್ರ, ಟೈಪ್‌ರೈಟರ್, ಅಕ್ಕಿ ಗಿರಣಿಗಳ ಸಾಲಿನಲ್ಲಿಟ್ಟು ನೋಡುತ್ತದೆ. ರೈಲು, ನೀರಾವರಿಯಂಥ ದೊಡ್ಡ ಸಂಗತಿಗಳ ನೆರಳಿನಲ್ಲಿ ಮರೆತುಹೋದ ಈ ಸಣ್ಣ ಯಂತ್ರಗಳೇ ಭಾರತದ ದಿನನಿತ್ಯವನ್ನು ಬದಲಿಸಿದವು ಎಂಬುದು ಅದರ ತಿರುಳು. ವಿದ್ಯಾರ್ಥಿಗಳು ಓದಬೇಕಾದ ಪುಸ್ತಕ. ನನ್ನ ಆಸಕ್ತಿ ಅದಕ್ಕಿಂತ ಒಂದು ಗೇಣು ಹಿಂದಕ್ಕೆ, ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ.

ನಮ್ಮ ಹಳೆಯ ಕರಿ ಸೈಕಲ್ಲನ್ನು ಒಮ್ಮೆ ಲಕ್ಷ್ಯಗೊಟ್ಟು ನೋಡಿ. 28 ಇಂಚಿನ ಚಕ್ರ. ಮುಂದಿನದಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಹಿಂದೆ ಬೀಳುತ್ತದೆಂದು ಇಂಗ್ಲಿಷರು ಹಾಕಿದ ಲೆಕ್ಕ ಅದು. ಅವರು ಎಣಿಸಿದ ಭಾರ ಒಬ್ಬ ದಪ್ಪ ಮನುಷ್ಯನದು ಇದ್ದೀತು. ನಾವು ಅದಕ್ಕೆ ಹೇರಿದ್ದು ಬೇರೆ. ಹಾಲಿನವನ ಕ್ಯಾನು ತಗೊಳ್ಳಿ. ನಲವತ್ತು ಲೀಟರಿನದು ಒಂದು ತುಂಬಿದರೆ ಹಾಲೇ ನಲವತ್ತು ಕಿಲೊಕ್ಕೆ ಮೇಲೆ, ಕ್ಯಾನಿನ ತೂಕ ಬೇರೆ. ಎರಡೂ ಬದಿಗೆ ಒಂದೊಂದು ತೂಗುಹಾಕಿದರೆ ಆಯಿತಲ್ಲ ಕ್ವಿಂಟಲಿನ ಹತ್ತಿರ. ಇದಕ್ಕಾಗಿ ಕಂಪನಿಯ ಕ್ಯಾರಿಯರನ್ನು ಕಿತ್ತೊಗೆದು, ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಸರಳಿನದು ಮಾಡಿಸುತ್ತಿದ್ದರು. ಮುಂದಿನ ಫೋರ್ಕಿಗೆ ಎರಡು ಆಸರೆ ಸರಳು. ಮೇಲಿನ ದಂಡಿಗೆ ಇನ್ನೊಂದು ದಂಡಿ, ಅದೇ ಡಬಲ್ ಬಾರ್. ಇದನ್ನು ಆಮೇಲೆ ಕಂಪನಿಗಳೇ ಮಾಡಿ ಮಾರತೊಡಗಿದವು. ಸ್ಟ್ಯಾಂಡು ಎರಡು ಕಾಲಿನದೇ ಬೇಕು, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವಂಥದು. ಒಂಟಿ ಕಾಲಿನ ಸ್ಟ್ಯಾಂಡಿನ ಮೇಲೆ ಹೊರೆ ಹೇರಲು ಬರುವುದಿಲ್ಲ. ಇವನ್ನೆಲ್ಲ ಕಲಿಸಿದ ಶಾಲೆ ಇರಲಿಲ್ಲ. ಒಬ್ಬನದು ನೋಡಿ ಇನ್ನೊಬ್ಬ ಮಾಡಿಸಿಕೊಂಡದ್ದು.

ಆ ಎರಡು ಕಾಲಿನ ಸ್ಟ್ಯಾಂಡನ್ನೇ ನಂಬಿ ಬದುಕಿದವನು ಸಾಣೆಯವನು. ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ, ಹಿಂದಿನ ಚಕ್ರಕ್ಕೆ ಪಟ್ಟಿ ಹಾಕಿ, ಸೀಟಿನ ಮೇಲೆ ಕೂತು ಪೆಡ್ಲು ತುಳಿದರೆ ಮುಂದೆ ಕಟ್ಟಿದ ಸಾಣೆಕಲ್ಲು ತಿರುಗುತ್ತದೆ. ಕುಡುಗೋಲು, ಈಳಿಗೆ, ಕತ್ತರಿ. ಹುಡುಗರಾದ ನಮಗೆ ಕಿಡಿ ನೋಡುವ ಆಸೆ. ಸೈಕಲ್ಲು ಅಲ್ಲಿ ವಾಹನವೂ ಹೌದು, ಕಾರ್ಖಾನೆಯೂ ಹೌದು. ಐಸ್ ಡಬ್ಬಿಯವನು ಮಧ್ಯಾಹ್ನ ಬರುತ್ತಿದ್ದ, ಡಬ್ಬಿಯ ಮುಚ್ಚಳವನ್ನೇ ಬಡಿದು ಸಪ್ಪಳ ಮಾಡುತ್ತ. ನಾರಾಯಣಪೇಟೆಯ ಸೀರೆ ಗಂಟು ಹೇರಿಕೊಂಡು ಬರುವವನು ಗಡಿ ದಾಟಿ ಬಂದವನು, ಅರ್ಧ ತೆಲುಗು ಅರ್ಧ ಕನ್ನಡ. ಜರ್ಮನ್ ಭಾಂಡೆಯವನ ಸೈಕಲ್ಲು ಕಾಣುತ್ತಲೇ ಇರಲಿಲ್ಲ. ಪಾತ್ರೆಗಳ ಒಂದು ಗುಡ್ಡ ತಾನಾಗಿಯೇ ಓಣಿಯಲ್ಲಿ ಉರುಳಿ ಬಂದಂತೆ. ಅವನು ರೊಕ್ಕ ಕೇಳುತ್ತಿರಲಿಲ್ಲ. ಹಳೆ ಬಟ್ಟೆ, ಮುರಿದ ಪ್ಲಾಸ್ಟಿಕ್ಕು, ಹೆಂಗಸರು ಬಾಚಿ ಸುತ್ತಿಟ್ಟ ಕೂದಲು ತಗೊಂಡು ಪಾತ್ರೆ ಕೊಡುತ್ತಿದ್ದ. ಹಾಗಾಗಿ ಅವನ ಹೊರೆ ಬೆಳಿಗ್ಗೆ ಭಾರವಾಗಿ, ಸಂಜೆ ಹಗುರಾದರೂ ಗಾತ್ರದಲ್ಲಿ ದೊಡ್ಡದಾಗಿ ಇರುತ್ತಿತ್ತು. ಆ ಕೂದಲಿನ ಲೆಕ್ಕ ನನಗೆ ಈಗಲೂ ಬೆರಗು. ಮನೆಯ ಹೆಂಗಸರಿಗೆ ಗಂಡಸರ ಕೈ ನೋಡದೆ ಕೊಳ್ಳಲು ಬರುತ್ತಿದ್ದ ಏಕೈಕ ಅಂಗಡಿ ಅದು, ಅದೂ ಬಾಗಿಲಿಗೇ ಬರುತ್ತಿತ್ತು.

ಇವರು ಯಾರಿಗೂ ಅಂಗಡಿ ಇರಲಿಲ್ಲ. ಸಂತೆಯಲ್ಲಿ ಜಾಗ ಹಿಡಿಯುವ ಬಂಡವಾಳವೂ ಕಡಿಮೆ. ಸೈಕಲ್ಲೇ ಗೋದಾಮು, ಸೈಕಲ್ಲೇ ಕೌಂಟರು. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಬಂದ ಕಾಯಿದೆ ನಗರ, ಪಟ್ಟಣಗಳ ವ್ಯಾಪಾರಿಗಳನ್ನು ಉದ್ದೇಶಿಸಿದ್ದು. ಹಳ್ಳಿಯಿಂದ ಹಳ್ಳಿಗೆ ಸೈಕಲ್ ತಳ್ಳುವವನು ಅದರ ಹೊರಗೇ ಉಳಿದ.

ಜಗತ್ತಿನಲ್ಲಿ ಬೇರೆಯವರೂ ಇದನ್ನೇ ಮಾಡಿದ್ದಾರೆ, ಬೇರೆ ಬೇರೆ ಕಾರಣಕ್ಕೆ. ಇಂಗ್ಲೆಂಡಿನ ಕಟುಕರು, ಬೇಕರಿಯವರು ಮುಂದಿನ ಚಕ್ರವನ್ನು ಚಿಕ್ಕದು ಮಾಡಿ ಅದರ ಮೇಲೆ ದೊಡ್ಡ ಬುಟ್ಟಿ ಕೂಡಿಸಿದ ಸೈಕಲ್ಲನ್ನು ಹುಡುಗರ ಕೈಗೆ ಕೊಟ್ಟು ಮನೆಮನೆಗೆ ಮಾಲು ಮುಟ್ಟಿಸುತ್ತಿದ್ದರು. ಡೆನ್ಮಾರ್ಕಿನಲ್ಲಿ 1920ರ ದಶಕದಲ್ಲೇ 'ಲಾಂಗ್ ಜಾನ್' ಎಂಬ ಉದ್ದನೆಯ ಸೈಕಲ್ಲು ಬಂತು, ಹ್ಯಾಂಡಲ್ಲಿಗೂ ಮುಂದಿನ ಚಕ್ರಕ್ಕೂ ನಡುವೆ, ನೆಲಕ್ಕೆ ಹತ್ತಿರವಾಗಿ ಹೊರೆ ಇಡುವಂಥದು. ಹೊರೆ ಕೆಳಗಿದ್ದಷ್ಟೂ ಸೈಕಲ್ಲು ಹೊಯ್ದಾಡುವುದು ಕಡಿಮೆ. ನಮ್ಮ ಹಾಲಿನವರು ಕ್ಯಾನನ್ನು ಕ್ಯಾರಿಯರ್ ಮೇಲೆ ಇಡದೆ ಬದಿಗೆ ತೂಗುಹಾಕಿದ್ದೂ ಇದೇ ಕಾರಣಕ್ಕೆ. ಮೋಟಾರು ವ್ಯಾನುಗಳು ಬಂದು ಅವರ ಸೈಕಲ್ಲುಗಳನ್ನು ಮೂಲೆಗೆ ತಳ್ಳಿದವು. ಮತ್ತೆ 1984ರಲ್ಲಿ ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಎಂಬ ಬಡಾವಣೆಯಲ್ಲಿ, ಕಾರುಗಳಿಗೆ ಪ್ರವೇಶವಿಲ್ಲದ ಕಡೆ, ಮುಂದೆ ಪೆಟ್ಟಿಗೆ ಇರುವ ಮೂರು ಚಕ್ರದ ಸೈಕಲ್ಲು ತಯಾರಾಯಿತು. ಈಗ ಅಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು, ಕಿರಾಣಿ ತರುವುದು ಅದರಲ್ಲೇ. ನಗರಗಳಲ್ಲಿ ಸಾಮಾನಿಗಾಗಿ ಆಗುವ ಮೋಟಾರು ಓಡಾಟದಲ್ಲಿ ಸುಮಾರು ಅರ್ಧವನ್ನು ಸೈಕಲ್ಲಿಗೆ ವರ್ಗಾಯಿಸಬಹುದೆಂದು ಯುರೋಪಿನ ಒಂದು ಯೋಜನೆ ಲೆಕ್ಕ ಹಾಕಿತ್ತು. 1954ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಕದನದ ಹೊತ್ತಿಗೆ ಇಪ್ಪತ್ತು ಸಾವಿರದಷ್ಟು ಸೈಕಲ್ಲುಗಳು ಗುಡ್ಡಗಾಡಿನಲ್ಲಿ ಅಕ್ಕಿ, ಮದ್ದುಗುಂಡು ಹೊತ್ತವು, ಒಂದೊಂದರ ಮೇಲೆ ಇನ್ನೂರು ಕಿಲೊಕ್ಕೂ ಹೆಚ್ಚು. ಹ್ಯಾಂಡಲ್ಲಿಗೆ ಬಿದಿರಿನ ಗಳ ಕಟ್ಟಿ ಉದ್ದ ಮಾಡಿ, ಪಕ್ಕದಲ್ಲಿ ನಡೆಯುತ್ತ ತಳ್ಳಿದರು. ಜಾರ್ಖಂಡಿನಲ್ಲಿ ಇಂದಿಗೂ ಕಲ್ಲಿದ್ದಲ ಚೀಲ ಹೇರಿದ ಸೈಕಲ್ಲನ್ನು ಹತ್ತಾರು ಕಿಲೊಮೀಟರ್ ತಳ್ಳುವವರಿದ್ದಾರೆ. ಕೋಪನ್‌ಹೇಗನ್ನಿನವನು ಕಾರು ಬಿಟ್ಟು ಸೈಕಲ್ಲಿಗೆ ಬಂದವನು. ಜಾರ್ಖಂಡಿನವನು, ನಮ್ಮೂರವನು ತಲೆಹೊರೆ ಬಿಟ್ಟು ಬಂದವರು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಪರಿಸರಸ್ನೇಹಿ ಅನ್ನುವಾಗ ನನಗೆ ಸ್ವಲ್ಪ ಇರುಸುಮುರುಸು.

ತಲೆಹೊರೆ ಅಂದೆ. ಅಸಲು ಮಾತು ಅಲ್ಲಿದೆ.

ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಬಟ್ಟೆಗೆ, ದನಕ್ಕೆ ಒಂದು ನೀರು; ಕುಡಿಯಲು, ಬೇಳೆ ಬೇಯಿಸಲು ಇನ್ನೊಂದು ನೀರು. ಸಿಹಿನೀರು ಯಾವಾಗಲೂ ಊರ ಹೊರಗೆ, ಯಾವುದೋ ಬಾವಿಯಲ್ಲಿ, ಯಾವುದೋ ಹೊಲದ ಬೋರಿಂಗಿನಲ್ಲಿ. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಈಗಿನ ಜಲಜೀವನ್ ಮಿಷನ್ನಿನ ಅಳತೆ. ಐದು ಮಂದಿಯ ಮನೆಗೆ 275 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಎಣಿಸಿದರೆ ಹದಿನೆಂಟು ಕೊಡ. ಸಿಂಬಿಯ ಮೇಲೆ ಒಂದು, ಸೊಂಟದ ಮೇಲೆ ಒಂದು ಅಂತ ತಂದರೆ ಒಬ್ಬ ಹೆಂಗಸು ಒಂಬತ್ತು ಸಲ ಹೋಗಿ ಬರಬೇಕು. ಅಷ್ಟು ನೀರು ನಮ್ಮಲ್ಲಿ ಯಾರೂ ಬಳಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬಳಸದೇ ಇದ್ದದ್ದು ಏಕೆ ಅನ್ನುವುದಕ್ಕೆ ಈ ಒಂಬತ್ತೇ ಉತ್ತರ.

ಸೈಕಲ್ಲು ಅಲ್ಲಿಗೂ ಬಂತು. ಎರಡು ಕೊಡಗಳ ಕೊರಳಿಗೆ ಹಗ್ಗ ಕಟ್ಟಿ ಕ್ಯಾರಿಯರ್ ಮೇಲಿಂದ ಎರಡೂ ಬದಿಗೆ ಇಳಿಬಿಟ್ಟರೆ ಒಂದು ಜೋಡಿ. ಮುಂದಿನ ದಂಡಿಗೆ ಇನ್ನೊಂದು ಜೋಡಿ. ಅರವತ್ತು ಲೀಟರ್, ಒಂದೇ ಸಲ. ಬರುಬರುತ್ತ ಇದಕ್ಕೆಂದೇ ಕಬ್ಬಿಣದ ತಳ್ಳುಬಂಡಿಗಳು ಬಂದವು, ಕೊಡ ಕೂರುವ ಅಳತೆಗೆ ಬಳೆ ಬಳೆಯಾಗಿ ಸರಳು ಬಗ್ಗಿಸಿ ಮಾಡಿದವು. ಯಾದಗಿರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಇವನ್ನು ನೋಡದವರಿಲ್ಲ. ಎಂಟು ಕೊಡ, ಹತ್ತು ಕೊಡ. ಹಳೆಯ ಸೈಕಲ್ಲಿನ ಚಕ್ರಗಳು ಎಷ್ಟೋ ಬಂಡಿಗಳಿಗೆ ಹೋಗಿ ಸೇರಿದವು.

ಆಗ ಒಂದು ವಿಚಿತ್ರ ನಡೆಯಿತು. ತಲೆಯಿಂದ ಚಕ್ರಕ್ಕೆ ಇಳಿದ ಕೂಡಲೇ ನೀರು ಗಂಡಸರ ಕೆಲಸವಾಯಿತು, ಮತ್ತು ಅದಕ್ಕೊಂದು ರೇಟು ಬಂತು. ಹೋಟೆಲಿಗೆ, ಮದುವೆ ಮನೆಗೆ, ಮನೆ ಕಟ್ಟುವಲ್ಲಿಗೆ, ಹುಷಾರಿಲ್ಲದ ಹೆಂಗಸಿನ ಮನೆಗೆ ಸೈಕಲ್ಲಿನವರು ನೀರು ಹಾಕತೊಡಗಿದರು.

'ಅಕ್ಕಾ, ಎಷ್ಟ್ ಕೊಡ ಹಾಕ್ಲಿ?'

'ನಾಕ್ ಹಾಕಪಾ. ರೊಕ್ಕ ಸಂತಿ ದಿನ ಕೊಡ್ತೀನಿ.'

ಕೊಡಕ್ಕೆ ಇಷ್ಟು ಎಂದು ಉದ್ರಿ ಬರೆದಿಟ್ಟುಕೊಳ್ಳುತ್ತಿದ್ದರು. ಅದೇ ಬೋರಿಂಗು, ಅದೇ ದಾರಿ, ಅದೇ ಕೊಡ. ಆ ಅಕ್ಕ ನಿನ್ನೆವರೆಗೆ ಅದೇ ನೀರನ್ನು ಹೊತ್ತಿದ್ದಳು, ಅವಳ ತಾಯಿಯೂ ಹೊತ್ತಿದ್ದಳು. ಅದನ್ನು ಕೆಲಸ ಎಂದು ಯಾರೂ ಕರೆದಿರಲಿಲ್ಲ. ಚಕ್ರದ ಬೆಲೆಯನ್ನು ಕೂಲಿಯಲ್ಲಿ ಹಿಡಿದದ್ದು ನ್ಯಾಯವೇ. ಆದರೆ ಸೈಕಲ್ಲು ಕೊಳ್ಳುವ ದುಡ್ಡು, ಅದನ್ನು ಕಲಿಯುವ ಬಿಡುವು, ಬೀದಿಯಲ್ಲಿ ಬಿದ್ದರೆ ನಗೆಪಾಟಲಾಗದ ಧೈರ್ಯ ಇವೆಲ್ಲ ಗಂಡುಮಕ್ಕಳಿಗೆ ಇದ್ದದ್ದರಿಂದ ರೇಟೂ ಅವರ ಕೈಗೇ ಹೋಯಿತು. ನಮ್ಮೂರಿನ ಆರ್ಥಿಕ ಇತಿಹಾಸ ಯಾರಾದರೂ ಬರೆದರೆ ಈ ನಾಲ್ಕು ಕೊಡದ ಉದ್ರಿಯಿಂದ ಶುರು ಮಾಡಿ ಎಂದು ಹೇಳುತ್ತೇನೆ.

ಇದು ಹೀಗೇ ಆಗಬೇಕಿರಲಿಲ್ಲ. ತಮಿಳುನಾಡಿನ ಪುದುಕೋಟ್ಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಲಕ್ಷದಷ್ಟು ಹಳ್ಳಿ ಹೆಂಗಸರು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದದ್ದು ಪ್ರಸಿದ್ಧ. ಅಲ್ಲಿ ಹೆಂಗಸರು ಸೈಕಲ್ಲಿನ ಮೇಲೆ ನೀರು ತಂದರು, ಹೊಲದ ಬೆಳೆಯನ್ನು ಬೇರೆ ಬೇರೆ ಹಳ್ಳಿಗೆ ಒಯ್ದು ಮಾರಿದರು, ಬಸ್ಸಿಗೆ ಕಾಯುವ ಹೊತ್ತನ್ನು ಉಳಿಸಿದರು. ಸ್ವಾತಂತ್ರ್ಯ ಎಂಬ ದೊಡ್ಡ ಶಬ್ದವನ್ನು ಅದಕ್ಕೆ ಅನೇಕರು ಬಳಸಿದ್ದಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ಹೊರೆಯ ಜೊತೆ ಚಕ್ರವೂ ಅವರದೇ ಆಗಿತ್ತು ಎಂಬುದು.

ನಮ್ಮ ಕಡೆ ಹೆಣ್ಣುಮಕ್ಕಳ ಕೈಗೆ ದೊಡ್ಡ ಸಂಖ್ಯೆಯಲ್ಲಿ ಸೈಕಲ್ಲು ಬಂದದ್ದು 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ, ಎಂಟನೇ ತರಗತಿಯವರಿಗೆ. ಹೆಣ್ಣುಮಕ್ಕಳ ಸೈಕಲ್ಲಿಗೆ ಮೇಲಿನ ದಂಡಿ ಇರುವುದಿಲ್ಲ, ಹಾಗಾಗಿ ಮುಂದಿನ ಜೋಡಿ ಕೊಡ ಕಟ್ಟಲು ಬರುವುದಿಲ್ಲ. ಆದರೇನು, ಅಷ್ಟರಲ್ಲಿ ಊರಿಗೆ ಶುದ್ಧ ನೀರಿನ ಘಟಕಗಳು ಬರತೊಡಗಿದವು; ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಕ್ಯಾನು ಕ್ಯಾರಿಯರ್ ಮೇಲೆ ಸರಿಯಾಗಿ ಕೂರುತ್ತದೆ. ಶಾಲೆಯಿಂದ ಬಂದ ಹುಡುಗಿ ಪುಸ್ತಕದ ಚೀಲ ಇಳಿಸಿ ಕ್ಯಾನು ಕಟ್ಟಿಕೊಂಡು ಹೊರಟಳು. ಚಕ್ರ ಅವಳದಾಯಿತು, ಹೊರೆಯೂ ಅವಳದಾಯಿತು, ರೇಟು ಮಾತ್ರ ಮತ್ತೆ ಮಾಯ. ಮನೆಗೆ ತರುವ ನೀರಿಗೆ ಯಾರು ರೊಕ್ಕ ಕೊಡುತ್ತಾರೆ? ಕೋವಿಡ್ ಬಂದ ಮೇಲೆ ಆ ಸೈಕಲ್ ವಿತರಣೆಯೂ ನಿಂತಿತು.

ಜಾತಿಯ ಮಾತನ್ನೂ ಇಲ್ಲೇ ಹೇಳಬೇಕು. ದಲಿತರು ಮೇಲ್ಜಾತಿಯವರ ಓಣಿಯಲ್ಲಿ ಸೈಕಲ್ ಹತ್ತಿ ಹೋಗಬಾರದು, ಇಳಿದು ತಳ್ಳಿಕೊಂಡು ಹೋಗಬೇಕು ಎಂಬ ಕಟ್ಟಳೆ ದಕ್ಷಿಣದ ಎಷ್ಟೋ ಹಳ್ಳಿಗಳಲ್ಲಿತ್ತು. ನಮ್ಮ ಸೀಮೆಯ ಹಿರಿಯರೂ ಅಂಥದನ್ನು ಹೇಳಿದ್ದನ್ನು ಕೇಳಿದ್ದೇನೆ. ಸವಾರನನ್ನು ಇಳಿಸಿದ ಇದೇ ಓಣಿಗಳು ಸೌದೆ, ಹುಲ್ಲು, ಜೋಳದ ಚೀಲ ಹೇರಿಕೊಂಡು ಬಂದ ಸೈಕಲ್ಲನ್ನು ತಡೆಯಲಿಲ್ಲ. ತಡೆಯಲು ಕಾರಣವೇ ಇರಲಿಲ್ಲವಲ್ಲ, ಅವನು ಮೊದಲೇ ನಡೆಯುತ್ತಿದ್ದ. ಹೊರೆಗೆ ಎಲ್ಲ ಓಣಿಯಲ್ಲೂ ದಾರಿ ಇತ್ತು. ಸೀಟಿಗೆ ಇರಲಿಲ್ಲ. ತಳ್ಳುವುದನ್ನು ಬರೀ ತೂಕದ ಲೆಕ್ಕದಲ್ಲಿ ವಿವರಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರ್ಕಾರದ ಲೆಕ್ಕದಲ್ಲಿ ಇದು ಯಾವುದೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ರೇಡಿಯೊ, ಟಿ.ವಿ.ಗಳ ಜೊತೆ ಅದನ್ನೂ ಮನೆಯ ಆಸ್ತಿ ಎಂದು ಬರೆದುಕೊಂಡರು. ಅದರ ಮೇಲೆ ಏನು ಹೇರುತ್ತೀರಿ ಎಂದು ಕೇಳುವ ಅಂಕಣ ಇರಲಿಲ್ಲ. ಹಾಲಿನವನ ಸೈಕಲ್ಲೂ ಸಂಜೆ ಗಾಳಿ ಸೇವಿಸಲು ಹೋಗುವವನ ಸೈಕಲ್ಲೂ ಅಲ್ಲಿ ಒಂದೇ.

ಕರಿ ಸೈಕಲ್ಲನ್ನು ಹೊರೆಯಿಂದ ಬಿಡಿಸಿದ್ದು ಮೊಪೆಡ್ಡು. ಟಿವಿಎಸ್ 50 ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ನಮ್ಮಲ್ಲಿಗೆ ಅದು ನಿಜವಾಗಿ ಬರಲು ಇನ್ನೂ ವರ್ಷಗಳು ಹಿಡಿದವು. ಹಾಲಿನವರು ಮೊದಲು ಬದಲಾಯಿಸಿದರು, ಆಮೇಲೆ ಭಾಂಡೆಯವರು. ಸೀಟಿನ ಮುಂದಿನ ಬಯಲು ಜಾಗ ಒಂದು ಚೀಲ ಇಡಲೆಂದೇ ಮಾಡಿದ ಹಾಗಿತ್ತು. ದೊಡ್ಡ ಹೊರೆಗಳನ್ನು ಟಂಟಂಗಳು ಕಸಿದುಕೊಂಡವು. ಸೀರೆಯ ಗಂಟಿನವರು ಬರುವುದೇ ನಿಂತಿತು. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಆ ಹೆಸರು ಬರೆದ ಕರಿ ಸೈಕಲ್ಲುಗಳು ನಮ್ಮೂರ ಗೋಡೆಗಳಿಗೆ ಈಗಲೂ ಒರಗಿವೆ.

ಕಡೇಚೂರು ಈಗ ಪತ್ರಿಕೆಗಳಲ್ಲಿ ಬರುವುದು ಕೈಗಾರಿಕಾ ಪ್ರದೇಶದ ಹೆಸರಿನಲ್ಲಿ. ಕಡೇಚೂರು ಮತ್ತು ಬಾಡಿಯಾಳದ ಮೂರು ಸಾವಿರ ಎಕರೆಗೂ ಹೆಚ್ಚು ಹೊಲ ಅದಕ್ಕೆ ಹೋಯಿತು. ರೈಲಿನ ಬೋಗಿ ಚೌಕಟ್ಟಿನ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಬಂದವು. ರಸ್ತೆಗಳು ಅಗಲವಾಗಿವೆ, ಲಾರಿಯ ಅಳತೆಗೆ. ಲಾರಿಗಳು ಗೇಟಿನ ಮುಂದೆ ಸರದಿಗಾಗಿ ನಿಲ್ಲುತ್ತವೆ. ಚಾಲಕರು ಕ್ಯಾಬಿನ್ ಬಿಟ್ಟು ದೂರ ಹೋಗುವಂತಿಲ್ಲ. ಅಲ್ಲಿಗೆ ಸೈಕಲ್ಲಿನ ಮೇಲೆ ಚಹಾ ಒಯ್ಯುವವನೊಬ್ಬನನ್ನು ಕಳೆದ ಬೇಸಿಗೆಯಲ್ಲಿ ಮಾತಾಡಿಸಿದೆ. ಹಿಂದೆ ಸ್ಟೀಲಿನ ಚಹಾ ಡಬ್ಬಿ, ಮುಂದೆ ಚೀಲದಲ್ಲಿ ಪೇಪರ್ ಕಪ್ಪು, ಬ್ರೆಡ್ಡು, ಗುಟ್ಕಾ ಮಾಲೆ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ಅವನ ಮನೆಯವರ ಎರಡೆಕರೆ ತೊಗರಿ ಹೊಲ ಇತ್ತಂತೆ.

ಗಾಡಿ ಯಾಕೆ ತಗೊಂಡಿಲ್ಲ ಅಣ್ಣಾ, ಎಂದೆ.

'ಎಣ್ಣಿ ಹಾಕಿದ್ರ ಕಪ್ಪಿಗೆ ಏನ್ ಉಳೀತದ್ರಿ?' ಎಂದು ಅವನು ಡಬ್ಬಿಯ ನಳ ತಿರುಗಿಸಿದ.